ಸ್ವಂತ ವಾಕ್ಯ

ಬಲಗೈಯ ತೋರುಬೆರಳಿನ ಬದಿಗೆ ಅಂಟಿದ್ದ ಕೆಂಪು ಶಾಯಿಯ ಕಲೆಯನ್ನು ವಾಮದೇವಪ್ಪ ಬೆಳಿಗ್ಗೆ ಸೀಗೇಪುಡಿ ಹಾಕಿ ಉಜ್ಜಿದ್ದ, ಹೋಗಲಿಲ್ಲ. ನಿಂಬೆಹೋಳಿನಿಂದ ಉಜ್ಜಿದ್ದ, ಬೆರಳು ಉರಿಯಿತೇ ಹೊರತು ಕಲೆ ಹೋಗಲಿಲ್ಲ. ಹದಿನೇಳು ವರ್ಷ ಮಕ್ಕಳ ನೋಟ್‌ಪುಸ್ತಕ ತಿದ್ದಿ ಕೂತ ಕಲೆ ಒಂದು ಭಾನುವಾರದ ಬೆಳಿಗ್ಗೆ ಹೋಗು ಎಂದರೆ ಹೋಗುತ್ತದೆಯೇ. ಇಷ್ಟು ದಿನ ಅದು ತನ್ನ ಕಣ್ಣಿಗೇ ಬಿದ್ದಿರಲಿಲ್ಲವಲ್ಲ ಎಂದುಕೊಂಡ. ಎಂದುಕೊಂಡ ಕೂಡಲೇ ಕಣ್ಣು ಎಂಬ ಪದ ಚುಚ್ಚಿತು. ಒಂದು ವಾರದಿಂದ ಹೀಗೇ ಆಗಿತ್ತು. ಕಣ್ಣಿಗೆ ಬೀಳುವುದು, ಕಣ್ತಪ್ಪುವುದು, ಕಣ್ಣಾಡಿಸುವುದು, ಕಣ್ಣಾರೆ ಕಂಡದ್ದು. ಕಣ್ಣು ಸೇರಿಸದೆ ಕನ್ನಡದಲ್ಲಿ ನಾಲ್ಕು ಮಾತು ಆಡುವ ಹಾಗೇ ಇಲ್ಲವೇನೋ ಅನಿಸುತ್ತಿತ್ತು. ದಾವಣಗೆರೆ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನ ತುದಿಯಲ್ಲಿ ಹಮಾಲರು ಹತ್ತಿಯ ಅಂಡಿಗೆಗಳನ್ನು ಉರುಳಿಸುತ್ತಿದ್ದರು. ಎಳೆ ಎಳೆ ಹತ್ತಿ ಗಾಳಿಯಲ್ಲಿ ತೇಲಿ ಬಂದು ಅವನ ಕರಿಯ ಕೋಟಿನ ಮೇಲೆ ಕೂರುತ್ತಿತ್ತು. ಒಂದೊಂದನ್ನೇ ಹೆಕ್ಕಿ ಬಿಸಾಡುತ್ತಾ, ಕಂಕುಳಲ್ಲಿದ್ದ ಬಟ್ಟೆಯ ಚೀಲವನ್ನು ಮತ್ತಷ್ಟು ಒತ್ತಿ ಹಿಡಿದುಕೊಂಡು ನಿಂತಿದ್ದ. ಚೀಲದಲ್ಲಿ ಹಳೆಯ ಪೇಪರಿನಲ್ಲಿ ಸುತ್ತಿದ ನೂರು ಪುಟದ ಒಂದು ನೋಟ್‌ಪುಸ್ತಕವಿತ್ತು. ಅದು ಅವನದಲ್ಲ.

"ಹಲೋ ಮಾಸ್ಟರ್, ವೇರ್ ಆರ್ ಯೂ ಗೋಯಿಂಗ್?" ಎಂದು ಹಿಂದಿನಿಂದ ದನಿ ಕೇಳಿತು. ಮಿಲ್ಲಿನ ಮ್ಯಾನೇಜರು ನಾಗರಾಜಪ್ಪ. ಆತನ ಮಗ ಇವನ ತರಗತಿಯಲ್ಲಿಯೇ ಇದ್ದ. ಕನ್ನಡದಲ್ಲಿ ಹುಟ್ಟಿ ಕನ್ನಡದಲ್ಲೇ ಉಂಡು ಮಲಗುವ ಮನುಷ್ಯ, ಆದರೆ ಇಂಗ್ಲಿಷ್ ಮೇಷ್ಟರು ಸಿಕ್ಕರೆ ಮಾತ್ರ ಇಂಗ್ಲಿಷೇ ಆಡಬೇಕು. ಎಲ್ಲಿ ತಪ್ಪಾದೀತೋ ಎಂದು ವಾಮದೇವಪ್ಪ ಎಂದಿನಂತೆ ಹೆದರಿದ. "ಐ ಆಮ್ ಗೋಯಿಂಗ್ ಟು ಹರಿಹರ್ ಟು ವಿಸಿಟ್ ಎ ಫ್ರೆಂಡ್, ಸರ್" ಎಂದ. ಎಂದವನೇ ಮನಸ್ಸಿನೊಳಗೆ ಆ ವಾಕ್ಯವನ್ನು ಹಿಂದಕ್ಕೂ ಮುಂದಕ್ಕೂ ಹೊರಳಿಸಿ ನೋಡಿದ. ಎಲ್ಲೂ ತಪ್ಪಿರಲಿಲ್ಲ. ನಾಗರಾಜಪ್ಪ ತಲೆಯಾಡಿಸಿ ಮೊದಲನೇ ಕ್ಲಾಸಿನ ಡಬ್ಬಿ ನಿಲ್ಲುವ ಕಡೆಗೆ ಹೊರಟುಹೋದ ಮೇಲೆ, ಬೆವರು ಒರೆಸಿಕೊಂಡ ಮೇಲೆ, ವಾಕ್ಯದಲ್ಲಿ ತಪ್ಪಿಲ್ಲದಿದ್ದರೂ ಅದು ಸುಳ್ಳು ಎಂದು ಅವನಿಗೆ ಹೊಳೆಯಿತು. ಹರಿಹರದಲ್ಲಿ ಅವನಿಗೆ ಸ್ನೇಹಿತರು ಯಾರೂ ಇರಲಿಲ್ಲ. ಹದಿನೇಳು ವರ್ಷ ತಾನು ಮಾಡಿದ್ದೂ ಇಷ್ಟೇ ಅಲ್ಲವೇ: ವಾಕ್ಯ ಸರಿಯಿದೆಯೇ ನೋಡಿದೆ, ನಿಜವೇ ಎಂದು ನೋಡಲಿಲ್ಲ. ಗಾಡಿ ಹೊಗೆ ಬಿಡುತ್ತಾ ಬಂತು. ಹತ್ತಿ ಕೂತ.

ಸೋಮವಾರ ಹತ್ತು ಇಂಗ್ಲಿಷ್ ಪದ, ಶುಕ್ರವಾರ ಹತ್ತು ವಾಕ್ಯ. ಇದು ವಾಮದೇವಪ್ಪ ಮೇಷ್ಟರ ಪದ್ಧತಿ ಎಂದು ಇಡೀ ಹೈಸ್ಕೂಲಿಗೆ ಗೊತ್ತಿತ್ತು. ಕೆಳಗಿನ ಪದಗಳನ್ನು ನಿಮ್ಮ ಸ್ವಂತ ವಾಕ್ಯಗಳಲ್ಲಿ ಬಳಸಿ ಎಂಬ ಪ್ರಶ್ನೆ ಪರೀಕ್ಷೆಯಲ್ಲಿ ಹತ್ತು ಅಂಕಕ್ಕೆ ಬಂದೇ ಬರುತ್ತಿತ್ತು, ಅದಕ್ಕೆ ವರ್ಷವಿಡೀ ತಾಲೀಮು. ಸ್ವಂತ ವಾಕ್ಯವೆಂದರೆ ಮೇಷ್ಟರು ಬೋರ್ಡಿನ ಮೇಲೆ ಬರೆಸಿದ ವಾಕ್ಯ ಎಂದು ಮಕ್ಕಳು ಅರ್ಥ ಮಾಡಿಕೊಂಡಿದ್ದರು. ಮಕ್ಕಳು ವೃತ್ತಾಕಾರವಾಗಿ ನಿಂತು ಆಡುತ್ತಾರೆ. ಹಸು ಸಾಧುಪ್ರಾಣಿ. ನಾವು ಹಿರಿಯರಿಗೆ ವಿಧೇಯರಾಗಿರಬೇಕು. ನಲವತ್ತಮೂರು ಪುಸ್ತಕಗಳಲ್ಲಿ ಅದೇ ಮಕ್ಕಳು ಅದೇ ವೃತ್ತದಲ್ಲಿ ನಿಂತು ಆಡುತ್ತಿದ್ದರು. ಶುಕ್ರವಾರ ಸಂಜೆ ಆ ಪುಸ್ತಕಗಳನ್ನು ಮನೆಗೆ ಹೊತ್ತು ತಂದು, ಮಂಡಕ್ಕಿ ಮೆಲ್ಲುತ್ತಾ, ಒಂದೊಂದಕ್ಕೂ ಹತ್ತು ಟಿಕ್ಕು ಹಾಕಿ, ಇನ್‌ಸ್ಪೆಕ್ಟರು ಕೇಳುತ್ತಾರೆಂದು ಕೆಳಗೆ ತಪ್ಪದೆ ತಾರೀಖು ಸಮೇತ ಸಹಿ ಮಾಡುತ್ತಿದ್ದ. ಇಂಗ್ಲಿಷಿನಲ್ಲಿ ಬರೆಯುವುದು ಯಾರಿಗೋ ಏನನ್ನೋ ಹೇಳುವುದಕ್ಕೆ ಎಂದು ಆ ತರಗತಿಯಲ್ಲಿ ಯಾರೂ ತಿಳಿದಿರಲಿಲ್ಲ, ಮೇಷ್ಟರಂತೂ ಮೊದಲೇ ತಿಳಿದಿರಲಿಲ್ಲ. ಆದರೂ ಜೂನ್ ತಿಂಗಳ ಮೊದಲ ದಿನ, ಟ್ರೇನಿಂಗ್ ಕಾಲೇಜಿನಲ್ಲಿ ಕಲಿಸಿದ್ದರು ಎಂಬ ಒಂದೇ ಕಾರಣಕ್ಕೆ, ಪ್ರತಿ ವರ್ಷ ಹೇಳುವ ಮಾತನ್ನು ಈ ವರ್ಷವೂ ಹೇಳಿದ್ದ: "ನಿಮ್ಮ ಮನೇದು, ನಿಮ್ಮದೇ ಬದುಕಿಂದು ಬರೀರಿ. ನಿಜ ಬರದ್ರೆ ತಪ್ಪು ಕಡಿಮೆ ಆಗ್ತಾವೆ." ನಲವತ್ತೆರಡು ಮಂದಿ ಅದನ್ನು ಕೇಳಿ ಮರೆತರು. ಹುಡುಗಿಯರ ಸಾಲಿನ ಕೊನೆಯಲ್ಲಿ ಕೂರುತ್ತಿದ್ದ ನಸೀಮಾ ಮರೆಯಲಿಲ್ಲ.

ನಸೀಮಾಳ ಅಪ್ಪ ಮಸ್ತಾನಸಾಬ್ ಮಂಡಕ್ಕಿ ಭಟ್ಟಿಯವನು. ಹೋದ ಭಾನುವಾರ ಬೆಳಿಗ್ಗೆ ಮೇಷ್ಟರ ಮನೆಯ ಬಾಗಿಲಿಗೆ ಬಂದು ನಿಂತ. ಹೆಗಲ ಮೇಲೆ ಟವೆಲ್ಲು, ಕೈಯಲ್ಲಿ ಈ ಪುಸ್ತಕ. ಒಳಗೆ ಬರ್ರಿ ಎಂದರೆ ಬರಲಿಲ್ಲ, ಕಟ್ಟೆಯ ಮೇಲೆ ತುದಿಯಲ್ಲಿ ಕೂತ. ಮಗಳು ಜನವರಿಯಲ್ಲಿ ಶಾಲೆಯ ಮೆಟ್ಟಿಲ ಮೇಲೆ ಬಿದ್ದದ್ದು ವಾಮದೇವಪ್ಪನಿಗೆ ಗೊತ್ತಿತ್ತು. ಅಂದು "ನೋಡ್ಕೊಂಡು ನಡೀಬಾರ್ದೇನಮ್ಮ" ಎಂದು ಬೈದವನೂ ಅವನೇ. ಆಮೇಲೆ ಅವಳು ಬರಲಿಲ್ಲ. ಮದುವೆ ಗೊತ್ತಾಗಿರಬೇಕು, ಓದು ಬಿಡಿಸಿರಬೇಕು ಎಂದುಕೊಂಡು ಹಾಜರಿ ಪುಸ್ತಕದಲ್ಲಿ ಹೆಸರಿನ ಮುಂದೆ ಗೀಟು ಎಳೆಯುತ್ತಾ ಬಂದಿದ್ದ.

"ಎಡಗಣ್ಣು ಪೂರಾ ಹೋತ್ರಿ ಮೇಷ್ಟ್ರೆ," ಎಂದ ಮಸ್ತಾನಸಾಬ್. "ಬಲಗಣ್ಣಾಗ ನಳಿಗೆ ಒಳಗಿಂದ ನೋಡ್ದಂಗೆ ಒಂದೀಟು ಐತೆ. ಅದೂ ಎಷ್ಟು ದಿನಾನೋ. ಕಣ್ಣಿನ ಡಾಕ್ಟ್ರು ಅಂದ್ರು, ಕಣ್ಣೊಳಗೆ ಒತ್ತಡ ಏರಿ ನರ ಸತ್ತಾವೆ, ಶುರೂನಾಗೇ ಬಂದಿದ್ರೆ ಉಳಿಸ್ಕಬೋದಿತ್ತು ಅಂತ. ಯಾವಾಗ ಶುರು ಆತು ಅಂತ ಕೇಳಿದ್ರು. ನಮಗೆಲ್ಲಿ ಗೊತ್ರಿ?"

ಆಮೇಲೆ ಹೆಂಡತಿಯ ಮಾತು ತೆಗೆದ. ದಸರಾ ರಜೆಯಲ್ಲಿ ಭಟ್ಟಿಯ ಆಳು ಬಿಟ್ಟುಹೋದಾಗ ಮಾಬೂಬೀ ಮಗಳನ್ನು ಭಟ್ಟಿಯ ಮುಂದೆ ಕೂರಿಸಿದ್ದಳು, ಮಂಡಕ್ಕಿಯಿಂದ ಮರಳು ಜರಡಿ ಹಿಡಿಯುವುದಕ್ಕೆ. ಕಣ್ಣು ಹೋದದ್ದು ಆ ಹೊಗೆಯಿಂದಲೇ. ಡಾಕ್ಟರು ಏನಾದರೂ ಹೇಳಲಿ, ಅವನಿಗೆ ಅಷ್ಟು ಗೊತ್ತು. ಅದಕ್ಕೆ ತಾಯಿ ಮಗಳಿಬ್ಬರನ್ನೂ ಹರಿಹರಕ್ಕೆ, ಅವಳ ತವರಿಗೆ ಕಳಿಸಿದ್ದ. "ಮಗಳನ್ನ ಕರ್ಕಂಬರ್ತೀನಿ. ಅಕಿ ಮಾತ್ರ ನನ್ನ ಮನೀಗೆ ಬ್ಯಾಡ," ಎಂದ. ಆದರೆ ಮಗಳು ಬೇರೆಯೇ ಹೇಳುತ್ತಿದ್ದಳು. ಮಳೆಗಾಲದಲ್ಲೇ ಶುರುವಾಗಿತ್ತು, ಅಮ್ಮ ಕೂರಿಸಿದ್ದರಿಂದಲ್ಲ, ಹೇಳಿದರೆ ಶಾಲೆ ಬಿಡಿಸುತ್ತೀರಿ ಎಂದು ಹೇಳಲಿಲ್ಲ ಎನ್ನುತ್ತಿದ್ದಳು. ತಾಯಿಯನ್ನು ಉಳಿಸಿಕೊಳ್ಳಲು ಹೇಳುತ್ತಾಳೆ ಎಂದು ಮಸ್ತಾನಸಾಬನ ಅನುಮಾನ.

"ಇಂಗ್ಲೀಷು ಪುಸ್ತಕದಾಗ ಬರ್ದೀನಿ, ತಾರೀಕು ಐತೆ, ಸಾರ್ ಸಹಿ ಐತೆ, ಸಾರ್‌ನ ಕೇಳ್ರಿ ಅಂತಾಳೆ. ನೀವು ಓದ್ರಿ ಮೇಷ್ಟ್ರೆ. ಬರೋ ಭಾನುವಾರ ಹರಿಹರಕ್ಕೆ ಬಂದು ಎಲ್ಲಾರ ಮುಂದೆ ಹೇಳ್ರಿ. ದಸರಾಕ್ಕಿಂತ ಮುಂಚೇದಾದ್ರೆ ಅಕೀನ್ನ ಅವತ್ತೇ ಕರ್ಕಂಬರ್ತೀನಿ, ಖುದಾನ ಆಣೆ. ನೀವು ಸುಳ್ಳು ಹೇಳೋ ಮನುಷ್ಯರಲ್ಲ."

ಅವನು ಹೋದ ಮೇಲೆ ಪುಸ್ತಕ ಬಿಡಿಸಿದ್ದ. ಮೊದಲ ಬಾರಿಗೆ ಎನ್ನಬೇಕು, ಇಪ್ಪತ್ತೆಂಟು ಕಡೆ ತನ್ನ ಸಹಿ ಇದ್ದರೂ. ಜುಲೈ ಹದಿಮೂರು, ಸರ್ಕಲ್ ಎಂಬ ಪದ: ರಾತ್ರಿ ದೀಪ ಹಚ್ಚಿದರೆ ಅದರ ಸುತ್ತ ನನಗೆ ಬಣ್ಣದ ಒಂದು ಸರ್ಕಲ್ ಕಾಣುತ್ತದೆ, ನಮ್ಮ ಮನೆಯಲ್ಲಿ ಬೇರೆ ಯಾರಿಗೂ ಕಾಣುವುದಿಲ್ಲ. ಟಿಕ್ಕು. ಆ ವಾಕ್ಯವನ್ನು ತರಗತಿಯಲ್ಲಿ ಅವಳನ್ನು ಎಬ್ಬಿಸಿ ನಿಲ್ಲಿಸಿ ಓದಿಸಿದ್ದ, ಅದೂ ಈಗ ನೆನಪಾಯಿತು. ಓದಿ ಮುಗಿಸಿ ಅವಳು ಕೂರದೆ ನಿಂತೇ ಇದ್ದಳು, ಏನೋ ಕೇಳುತ್ತಾರೆಂದು ಕಾಯುವವಳ ಹಾಗೆ. ಅವನು ಕೇಳಿದ್ದ: "ಯಾರು ಬರ್ದುಕೊಟ್ರು?" ಹುಡುಗರು ನಕ್ಕಿದ್ದರು. ಆಗಸ್ಟಿನಲ್ಲಿ ನ್ಯಾರೋ: ನಮ್ಮ ಓಣಿ ದಿನದಿಂದ ದಿನಕ್ಕೆ ನ್ಯಾರೋ ಆಗುತ್ತಿದೆ, ಅಕ್ಕಪಕ್ಕದ ಮನೆಗಳು ನನಗೆ ಕಾಣದಾಗಿವೆ. ಟಿಕ್ಕು, ಪಕ್ಕದಲ್ಲಿ ಗುಡ್. ಅದೇ ತಿಂಗಳು ಪ್ರಿಟೆಂಡ್: ಬೋರ್ಡು ಕಾಣುತ್ತಿದೆ ಎಂದು ನಾನು ಪ್ರಿಟೆಂಡ್ ಮಾಡುತ್ತೇನೆ. ಇಲ್ಲಿ ಬೋರ್ಡ್ ಎಂಬ ಪದಕ್ಕೆ ಮೊದಲು ಬಿಟ್ಟುಹೋಗಿದ್ದ ದಿ ಎಂಬ ಚಿಕ್ಕ ಪದವನ್ನು ಕೆಂಪು ಶಾಯಿಯಲ್ಲಿ ಸೇರಿಸಿ ಅರ್ಧ ಅಂಕ ಕಳೆದಿದ್ದ. ನವೆಂಬರಿನಲ್ಲಿ, ಚೀನಾದ ಜೊತೆ ಯುದ್ಧ ನಡೆದಿದ್ದಾಗ, ಫ್ರಾಂಟಿಯರ್ ಎಂಬ ಪದ ಕೊಟ್ಟಿದ್ದ. ಎಲ್ಲರೂ ವೀರ ಜವಾನರನ್ನು ಗಡಿಯಲ್ಲಿ ನಿಲ್ಲಿಸಿದ್ದರು. ನಸೀಮಾ ಬರೆದಿದ್ದಳು: ನನ್ನ ಕಣ್ಣಿನ ಫ್ರಾಂಟಿಯರ್ ದಿನಾ ನನ್ನ ಹತ್ತಿರ ಹತ್ತಿರ ಬರುತ್ತಿದೆ. ಟಿಕ್ಕು ಹಾಕಿ, ದೇಶದ ಬಗ್ಗೆ ಬರೆಯಬಹುದಿತ್ತು ಎಂದು ಷರಾ ಬರೆದಿದ್ದ.

ಆದರೆ ಇವೆಲ್ಲವನ್ನೂ ಒಂದು ಬದಿಗೆ ಇಡಬಹುದಿತ್ತು. ನಲವತ್ತಮೂರು ಪುಸ್ತಕ, ಒಂದೊಂದಕ್ಕೆ ಹತ್ತು ವಾಕ್ಯ, ಯಾರು ಅರ್ಥ ನೋಡಿ ತಿದ್ದುತ್ತಾರೆ, ಎಂದು ತನಗೆ ತಾನೇ ವಕಾಲತ್ತು ಮಾಡಿಕೊಳ್ಳಬಹುದಿತ್ತು. ಹಾಗೆ ಮಾಡಲು ಬಿಡದೆ ಇದ್ದದ್ದು ಸೆಪ್ಟೆಂಬರ್ ಏಳರ ಪುಟ. ಪದ ರಿಕ್ವೆಸ್ಟ್. ಅವಳ ವಾಕ್ಯ: ನನ್ನನ್ನು ಕೇಳಿ ಎಂದು ನಾನು ನಿಮ್ಮನ್ನು ರಿಕ್ವೆಸ್ಟ್ ಮಾಡುತ್ತೇನೆ. ಅಷ್ಟೇ. ಅದರ ಕೆಳಗೆ ಅವನ ಕೆಂಪು ಅಕ್ಷರ: ವಾಕ್ಯ ಅಪೂರ್ಣ. ಏನನ್ನು ಕೇಳಬೇಕು? ಪೂರ್ತಿ ಮಾಡಿ ಹತ್ತು ಸಲ ಬರೆ. ತಪ್ಪಾದ ವಾಕ್ಯವನ್ನು ಹತ್ತು ಸಲ ಬರೆಸುವುದೂ ಅವನ ಪದ್ಧತಿಯೇ. ಪುಟ ತಿರುಗಿಸಿದರೆ, ದುಂಡಗೆ, ಗೆರೆಯಿಂದ ಸ್ವಲ್ಪ ಸ್ವಲ್ಪ ಜಾರಿದ ಅಕ್ಷರಗಳಲ್ಲಿ, ಅವಳು ಪೂರ್ತಿ ಮಾಡಿದ್ದಳು. ನನ್ನ ಕಣ್ಣಿಗೆ ಏನಾಗಿದೆ ಎಂದು ನನ್ನನ್ನು ಕೇಳಿ ಎಂದು ನಾನು ನಿಮ್ಮನ್ನು ರಿಕ್ವೆಸ್ಟ್ ಮಾಡುತ್ತೇನೆ. ಒಂದು, ಎರಡು, ಮೂರು ಎಂದು ಅಂಕಿ ಹಾಕಿ ಹತ್ತು ಸಲ. ಹತ್ತರ ಕೆಳಗೆ ಅವನ ಸಹಿ, ತಾರೀಖು ಹದಿನಾಲ್ಕು. ಹತ್ತು ಇವೆಯೇ ಎಂದು ಎಣಿಸಿದ್ದ ಗುರುತಾಗಿ ಕೊನೆಯ ಅಂಕಿಯ ಸುತ್ತ ಒಂದು ಕೆಂಪು ಸುತ್ತು. ವಾಮದೇವಪ್ಪ ಆ ಪುಟದ ಮುಂದೆ ಬಹಳ ಹೊತ್ತು ಕೂತಿದ್ದ. ಅಳು ಬಂದಿದ್ದರೆ ಚೆನ್ನಾಗಿತ್ತು. ನಾಚಿಕೆಯೊಂದೇ ಬಂತು, ಅಂಗಿ ಬಿಚ್ಚಿ ಬೀದಿಯಲ್ಲಿ ನಿಲ್ಲಿಸಿದಂಥ ನಾಚಿಕೆ.

ಹೆಂಡತಿ ಅನ್ನಪೂರ್ಣಮ್ಮನಿಗೆ ಎಲ್ಲವನ್ನೂ ಹೇಳಿದ್ದ. ಅವಳು ರೊಟ್ಟಿ ತಟ್ಟುತ್ತಾ ಕೇಳಿಸಿಕೊಂಡಳು. "ನೀವೇನು ಡಾಕ್ಟ್ರಾ? ನಿಮಗೆಂಗೆ ಗೊತ್ತಾಗ್ಬೇಕಿತ್ತು?" ಎಂದಳು. ಆಮೇಲೆ ಹಂಚಿನ ಕಡೆ ನೋಡುತ್ತಲೇ, "ಊರೆಲ್ಲ ಆಡಿಕೊಂತೈತೆ. ಹೆಡ್ಮಾಸ್ತರ್ ಕೆಲಸ ಬರೋ ಹೊತ್ತಿನಾಗ ಇದೊಂದು ಬೇಕಾಗಿತ್ತಾ. ಪುಸ್ತಕ ಕಳೆದೋತು ಅಂದ್ಬಿಡ್ರಿ," ಎಂದಳು. ಬೆಂಕಿ ಉರಿಯುತ್ತಿದ್ದ ಒಲೆ ಅಲ್ಲೇ ಎದುರಿಗಿತ್ತು, ಪುಸ್ತಕ ತೊಡೆಯ ಮೇಲಿತ್ತು. ಒಂದು ವಾರದ ಹಿಂದೆ ಆ ಒಲೆಗೆ ಹಾಕದೆ ಇದ್ದದ್ದು ಒಳ್ಳೆಯತನದಿಂದಲೋ ಧೈರ್ಯ ಸಾಲದೆಯೋ ಅವನಿಗೇ ಗೊತ್ತಿರಲಿಲ್ಲ. ಈಗ ಗಾಡಿಯ ಕಿಟಕಿಯಲ್ಲಿ ಕೊಯ್ದ ಜೋಳದ ಹೊಲಗಳು ಹಿಂದೆ ಹೋಗುತ್ತಿದ್ದವು. ಎಡಗಣ್ಣು ಮುಚ್ಚಿಕೊಂಡ. ಬಲಗಣ್ಣಿನ ಮುಂದೆ ಮುಷ್ಟಿಯನ್ನು ನಳಿಗೆಯಂತೆ ಹಿಡಿದ. ಆ ತೂತಿನಲ್ಲಿ ಒಂದು ತಂತಿಕಂಬ ಬಂತು, ಹೋಯಿತು. ಒಂದು ಎಮ್ಮೆಯ ಅರ್ಧ ಬಂತು, ಹೋಯಿತು. ಎದುರು ಸೀಟಿನ ಮುದುಕಿ, "ಯಾಕಪ್ಪ, ಕಣ್ಣಾಗ ಕೆಂಡದ ಪುಡಿ ಬಿತ್ತೇನು? ಉಜ್ಜಬ್ಯಾಡ, ಸೆರಗಿಂದ ಊದ್ತೀನಿ ಬಾ," ಎಂದು ಎದ್ದೇ ಬಂದಳು. ಏನೂ ಇಲ್ಲಮ್ಮ, ಏನೂ ಇಲ್ಲ ಎನ್ನುತ್ತಾ ಅವನು ಮುಖ ತಿರುಗಿಸಿದ. ಗುರುತಿಲ್ಲದ ಆ ಹೆಂಗಸು ಕೇಳಿದಷ್ಟು ತಾನು ಕೇಳಲಿಲ್ಲವಲ್ಲ ಎಂದು ಹರಿಹರ ಬರುವವರೆಗೂ ಅದೇ ಕೊರೆಯುತ್ತಿತ್ತು.

ಮಾಬೂಬೀಯ ತವರುಮನೆ ಹೊಳೆಗೆ ಹೋಗುವ ದಾರಿಯಲ್ಲಿತ್ತು. ದಾರಿ ಕೇಳುತ್ತಾ ಕೇಳುತ್ತಾ ನಡೆದ. ಬೇಕೆಂದೇ ಎರಡು ಸಲ ತಪ್ಪು ಓಣಿ ಹಿಡಿದ. ಹೊಳೆಯಲ್ಲಿ ನೀರು ಇಳಿದು ಬಂಡೆಗಳು ಎದ್ದಿದ್ದವು. ದಡದಲ್ಲಿ ಹೆಂಗಸರು ಬಟ್ಟೆ ಒಗೆಯುವ ಸದ್ದು ಬರುತ್ತಿತ್ತು. ನಿಜ ಹೇಳಿಬಿಡುವುದೇ ಎಂದು ದಾವಣಗೆರೆಯಲ್ಲಿ ಗಾಡಿ ಹತ್ತುವಾಗ ನಿರ್ಧಾರ ಮಾಡಿಕೊಂಡಿದ್ದ. ಹೇಳುವ ಮಾತುಗಳನ್ನೂ ಜೋಡಿಸಿಕೊಂಡಿದ್ದ. ಬಾಗಿಲಲ್ಲಿ ಮಸ್ತಾನಸಾಬ್ ಎರಡೂ ಕೈ ಜೋಡಿಸಿ, "ಬರ್ರಿ ಮೇಷ್ಟ್ರೆ, ಇಷ್ಟು ದೂರ ನಮ್ಮಂಥೋರ ಮನೀಗೆ ಬಂದ್ರಲ್ಲ, ನೀವು ದೊಡ್ಡೋರು, ಕೂಡ್ರಿ," ಎಂದು ಮನೆಗಿದ್ದ ಒಂದೇ ಕುರ್ಚಿಯನ್ನು ಟವೆಲ್ಲಿನಿಂದ ಒರೆಸಿ ಹಾಕಿದಾಗ ಆ ಮಾತುಗಳನ್ನು ಹೇಳದೆ ಕೂತುಬಿಟ್ಟ. ಬೈದು ಬರಮಾಡಿಕೊಂಡಿದ್ದರೆ ಹೇಳುತ್ತಿದ್ದನೇನೋ. ಗೌರವ ಕೊಟ್ಟವರ ಮುಂದೆ ಗೌರವ ಕಳೆದುಕೊಳ್ಳುವುದು ಅವನಿಗೆ ಗೊತ್ತಿರದ ವಿದ್ಯೆ.

ಗೋಡೆಗೆ ಒರಗಿ ನಸೀಮಾ ಕೂತಿದ್ದಳು. ಮೊದಲಿಗಿಂತ ಉದ್ದ ಕಂಡಳು, ಅಥವಾ ಅವಳನ್ನು ಅವನು ಎಂದೂ ಸರಿಯಾಗಿ ನೋಡಿಯೇ ಇರಲಿಲ್ಲ. "ನಮಸ್ಕಾರ ಸಾರ್," ಎಂದು ಎದ್ದು ನಿಂತಳು, ಆದರೆ ಅವನು ಕುರ್ಚಿಗೆ ಬಂದಾಗಿತ್ತು, ಅವಳು ನಮಸ್ಕಾರ ಮಾಡಿದ್ದು ಬಾಗಿಲಿಗೆ. ಕಣ್ಣುಗಳು ಮಾತ್ರ ಹಾಗೇ ಇದ್ದವು, ದೊಡ್ಡವು, ಚೆಂದದವು. ನೋಡಿದವರಿಗೆ ಏನೂ ತಿಳಿಯುತ್ತಿರಲಿಲ್ಲ. ಒಳಬಾಗಿಲಿನ ಪರದೆಯ ಪಕ್ಕ ಮಾಬೂಬೀ ನಿಂತಿದ್ದಳು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ. ತೀರ್ಪು ಕೇಳಲು ನಿಂತವಳು ಎಂದು ಯಾರಾದರೂ ಹೇಳಬಹುದಿತ್ತು. ಅವಳು ತಲೆ ಎತ್ತಿ ಒಂದೇ ಸಲ ಮೇಷ್ಟರನ್ನು ನೋಡಿದಳು.

"ಓದ್ರಿ," ಎಂದ ಮಸ್ತಾನಸಾಬ್.

ವಾಮದೇವಪ್ಪ ಪೇಪರು ಬಿಚ್ಚಿ ಪುಸ್ತಕ ತೆರೆದ. ಜುಲೈ ಹದಿಮೂರರ ಪುಟ. ಸರ್ಕಲ್ ಎಂಬ ಪದದ ಮೇಲೆ ಬೆರಳಿಟ್ಟ. ಕೆಂಪು ಕಲೆಯ ಬೆರಳು. ಬಾಯಿ ತೆರೆದ. "ಜುಲೈ ತಿಂಗಳದು. ಮಕ್ಕಳು ವೃತ್ತಾಕಾರವಾಗಿ ನಿಂತು ಆಡುತ್ತಾರೆ," ಎಂದ. ತನ್ನ ದನಿ ತನಗೇ ಕೇಳಿಸಿತು, ತರಗತಿಯ ದನಿ, ಗಟ್ಟಿ, ಸ್ಪಷ್ಟ. ಒಂದು ಸಲ ಹೊರಟ ಮೇಲೆ ಸುಲಭವಾಗಿತ್ತು. ಹದಿನೇಳು ವರ್ಷ ಬರೆಸಿದ ವಾಕ್ಯಗಳು ನಾಲಗೆಯ ಮೇಲೆ ಸಾಲು ನಿಂತಿದ್ದವು. ಈ ಸೇತುವೆ ನ್ಯಾರೋ ಆಗಿದೆ. ನರಿ ಸತ್ತಂತೆ ಪ್ರಿಟೆಂಡ್ ಮಾಡಿತು. ರಜೆ ಕೊಡಬೇಕೆಂದು ನಾನು ನಿಮ್ಮನ್ನು ರಿಕ್ವೆಸ್ಟ್ ಮಾಡುತ್ತೇನೆ. ಪುಟ ತಿರುಗಿಸುವಾಗ ಹತ್ತು ಸಲ ಬರೆದ ಆ ಸಾಲುಗಳು ಎದುರಾದವು, ಎರಡು ಹಾಳೆ ಒಟ್ಟಿಗೆ ಹಿಡಿದು ತಿರುಗಿಸಿಬಿಟ್ಟ. ನಸೀಮಾಳ ಕಡೆ ನೋಡಲಿಲ್ಲ. ಅವಳು ಒಂದು ಮಾತೂ ಆಡಲಿಲ್ಲ. ಅಲ್ಲ ಎನ್ನಬಾರದೇ ಈ ಹುಡುಗಿ, ಸುಳ್ಳು ಎಂದು ಕಿರುಚಬಾರದೇ ಎಂದು ಅವನ ಒಳಗೆ ಯಾರೋ ಬೇಡಿಕೊಳ್ಳುತ್ತಿದ್ದರು. ಹಾಗೆ ಬೇಡಿಕೊಳ್ಳುತ್ತಲೇ ನವೆಂಬರಿಗೆ ಬಂದ. "ಇಲ್ಲೊಂದು ಇದೆ. ನನ್ನ ಕಣ್ಣಿನ ಗಡಿ ಹತ್ತಿರ ಬರುತ್ತಿದೆ ಅಂತ. ನವೆಂಬರ್ ಇಪ್ಪತ್ಮೂರು," ಎಂದು ನಿಲ್ಲಿಸಿದ.

"ನವೆಂಬರು," ಎಂದ ಮಸ್ತಾನಸಾಬ್. "ಅಂದ್ರೆ ದಸರಾ ಆದ್ಮ್ಯಾಲೆ." ಹೆಂಡತಿಯ ಕಡೆ ತಿರುಗಿ, "ಕೇಳಿದ್ಯಾ? ಈಗ್ಲಾದ್ರೂ ಕೇಳಿದ್ಯಾ?" ಎಂದ. ದನಿ ಏರಿಸಲಿಲ್ಲ. ಏರಿಸಬೇಕಾದ ಅಗತ್ಯ ಮುಗಿದಿತ್ತು.

ಮಾಬೂಬೀ ಅಳಲೂ ಇಲ್ಲ. ಬೆರಳಿಗೆ ಸುತ್ತಿದ್ದ ಸೆರಗು ಹಾಗೇ ನಿಂತಿತು. "ನಾನೇ ಕುಂದ್ರಿಸಿದ್ದು," ಎಂದಳು, ಯಾರಿಗೋ ಅಲ್ಲ, ತನಗೇ ಹೇಳಿಕೊಂಡ ಹಾಗೆ. "ಬ್ಯಾಡ ಅಮ್ಮೀ ಉರಿ ಕಾಣ್ತಾ ಇಲ್ಲ ಅಂದ್ಲು. ನಾಟಕ ಮಾಡ್ಬ್ಯಾಡ ಅಂತ ನಾನೇ ಕುಂದ್ರಿಸ್ದೆ." ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ, ಎಲ್ಲವೂ ಮುಗಿದರೂ ಮನೆಗೆ ಬಂದವರಿಗೆ ಚಹಾ ಕೊಡಲೇಬೇಕಲ್ಲ ಎಂಬಂತೆ, ಬಸಿಯ ಮೇಲೆ ಕಪ್ಪಿಟ್ಟುಕೊಂಡು ಬಂದು ಮೇಷ್ಟರ ಪಕ್ಕದಲ್ಲಿಟ್ಟಳು. "ನೀವು ತ್ರಾಸು ತಗಂಡು ಬಂದ್ರಿ ಸಾರ್," ಎಂದಳು. ಸಕ್ಕರೆ ಜಾಸ್ತಿಯಾಗಿತ್ತು, ದೊಡ್ಡವರಿಗೆಂದು ಹಾಕಿದ್ದಳು. ವಾಮದೇವಪ್ಪ ಅದನ್ನು ಕುಡಿದ. ತನ್ನ ಮೇಲೆ ತನಗೆ ಅಸಹ್ಯ ಹುಟ್ಟುವುದೆಂದರೆ ಹೀಗೆ, ಬಾಯಲ್ಲಿ ಸಿಹಿ ಇರುವಾಗಲೇ ಎಂದು ಅವನಿಗೆ ಅವತ್ತು ಗೊತ್ತಾಯಿತು. ಹನ್ನೆರಡೂವರೆಗೆ ವಾಪಸ್ ಗಾಡಿ ಇತ್ತು. ಕೋಟಿನ ಗುಂಡಿ ಹಾಕಿಕೊಂಡ.

"ಸಾರ್," ಎಂದಳು ನಸೀಮಾ. ಈ ಸಲ ಮುಖ ಸರಿಯಾಗಿ ಕುರ್ಚಿಯ ಕಡೆಗಿತ್ತು, ದನಿಯ ಜಾಡು ಹಿಡಿದಿದ್ದಳು. "ನಾನು ಬರದೇ ಐದು ವಾರ ಆತು. ಪದ ಕೊಡ್ರಿ ಸಾರ್."

ಮಸ್ತಾನಸಾಬನ ಗಡಸು ಮುಖ ಮೊದಲ ಸಲ ಸಡಿಲವಾಯಿತು. "ಕೊಡ್ರಿ ಮೇಷ್ಟ್ರೆ, ಪಾಪ. ಬರಿಯಾಕಂತೂ ಆಗಲ್ಲ, ಬಾಯಾಗ ಹೇಳ್ತಾಳೆ. ಇಂಗ್ಲೀಷಂದ್ರೆ ಪ್ರಾಣ ಇದಕ್ಕೆ," ಎಂದ.

ಯಾವ ಪದ ಕೊಡಲಿ ಎಂದು ವಾಮದೇವಪ್ಪ ಹುಡುಕಿದ. ಕಣ್ಣಿಲ್ಲದ ಪದ ಬೇಕಿತ್ತು, ಬೆಳಕಿಲ್ಲದ್ದು, ಸುಳ್ಳು ಸತ್ಯ ಯಾವುದೂ ಇಲ್ಲದ್ದು. ಅವನಿಗೆ ತಾನು ಎಷ್ಟು ಹೇಡಿ ಎಂಬುದು ಆ ಹುಡುಕಾಟದಲ್ಲೇ ಕಾಣುತ್ತಿತ್ತು. ಗಾಡಿಯ ನೆನಪಾಯಿತು. "ಜರ್ನಿ," ಎಂದ. ಯಾರನ್ನೂ ನೋಯಿಸದ ಪದ. ಮಕ್ಕಳೆಲ್ಲ ಮೈಸೂರಿಗೆ ಪ್ರಯಾಣ ಮಾಡಿಸುತ್ತಿದ್ದ ಪದ.

ನಸೀಮಾ ಶಾಲೆಯಲ್ಲಿ ನಿಲ್ಲುವಂತೆ ಎದ್ದು, ಗೋಡೆಗೆ ಒಂದು ಕೈ ಕೊಟ್ಟು ನಿಂತಳು. ಸ್ವಲ್ಪ ಯೋಚಿಸಿದಳು. ಆಮೇಲೆ ನಿಧಾನವಾಗಿ, ಒಂದೊಂದು ಪದವನ್ನೂ ಬಿಡಿಸಿ, ಅವನೇ ಕಲಿಸಿದ ಉಚ್ಚಾರದಲ್ಲಿ ಹೇಳಿದಳು:

"ಮೈ ಟೀಚರ್ ಮೇಡ್ ಎ ಜರ್ನಿ ಟು ಟೆಲ್ ಅಸ್ ಒನ್ ಥಿಂಗ್. ಹೀ ವಿಲ್ ಗೋ ಬ್ಯಾಕ್ ವಿದೌಟ್ ಟೆಲ್ಲಿಂಗ್ ಇಟ್."

ಹೇಳಿ ಸುಮ್ಮನೆ ನಿಂತಳು. ದೀಪದ ಸುತ್ತಿನ ಬಣ್ಣದ ವಾಕ್ಯ ಓದಿ ನಿಂತಿದ್ದಳಲ್ಲ, ಹಾಗೆಯೇ, ಕೂರದೆ. ಈ ಮನೆಯಲ್ಲಿ ಆ ಮಾತು ಅರ್ಥವಾಗುವುದು ಅವನೊಬ್ಬನಿಗೇ ಎಂದು ತಿಳಿದೇ ಹೇಳಿದ್ದಳು. ಅಪ್ಪನ ಮುಂದೆ ಮೇಷ್ಟರು ಸುಳ್ಳುಗಾರ ಎನ್ನಬಹುದಿತ್ತು, ಅನ್ನಲಿಲ್ಲ. ಕೇಳುವುದಕ್ಕೆ ಇನ್ನೊಂದು ಸಲ ಅವಕಾಶ ಕೊಟ್ಟಿದ್ದಳು, ಅವನದೇ ಪದ್ಧತಿಯಲ್ಲಿ. ವಾಮದೇವಪ್ಪನ ಬಲಗೈ ತಾನಾಗಿಯೇ ಜೇಬಿನ ಪೆನ್ನಿನ ಕಡೆಗೆ ಹೋಗಿ ಅರ್ಧದಲ್ಲಿ ನಿಂತಿತು.

"ಸರಿ ಐತೇನ್ರಿ ಮೇಷ್ಟ್ರೆ?" ಎಂದ ಮಸ್ತಾನಸಾಬ್, ಹೆಮ್ಮೆ ತಡೆಯಲಾರದೆ.

"ಸರಿಯಾಗಿದೆ," ಎಂದ ವಾಮದೇವಪ್ಪ. "ಎಲ್ಲೂ ತಪ್ಪಿಲ್ಲ."

"ಹಂಗಂದ್ರೆ ಏನ್ರಿ? ನಮಗೂ ಒಂದೀಟು ಹೇಳ್ರಿ."

ಹೊಳೆಯ ಕಡೆಯಿಂದ ಬಟ್ಟೆ ಒಗೆಯುವ ಸದ್ದು ಬರುತ್ತಲೇ ಇತ್ತು. ಖಾಲಿ ಕಪ್ಪು ಒಯ್ಯಲು ಬಾಗಿದ್ದ ಮಾಬೂಬೀ ಅವನ ಕಾಲ ಬಳಿಯಲ್ಲೇ ಇದ್ದಳು. ಅವಳ ಕೈಯ ಮೇಲೆ ಭಟ್ಟಿಯ ಮರಳಿನ ಸುಟ್ಟ ಕಲೆಗಳು ಕಂಡವು, ಹಳೆಯವು, ಕರ್ರಗಿನವು.

"ನನ್ನ ಮೇಷ್ಟ್ರು ಒಂದು ವಿಷಯ ಹೇಳೋದಕ್ಕೆ ಇಷ್ಟು ದೂರ ಬಂದ್ರು, ಅದನ್ನ ಹೇಳದೇ ವಾಪಸ್ ಹೋಗ್ತಾರೆ, ಅಂತ ಹೇಳಿದ್ಲು," ಎಂದ.

ಮಸ್ತಾನಸಾಬ್ ಮಗಳನ್ನು ನೋಡಿದ, ಮೇಷ್ಟರನ್ನು ನೋಡಿದ. ಮಾಬೂಬೀ ಬಸಿಯನ್ನು ಮತ್ತೆ ನೆಲಕ್ಕಿಟ್ಟಳು. ನಸೀಮಾ ಗೋಡೆ ಹಿಡಿದು ನಿಧಾನವಾಗಿ ಕೂತಳು. ವಾಮದೇವಪ್ಪ ಕೋಟಿನ ಗುಂಡಿ ಬಿಚ್ಚಿ, ಪುಸ್ತಕವನ್ನು ಮತ್ತೆ ತೊಡೆಯ ಮೇಲಿಟ್ಟುಕೊಂಡು ಮೊದಲು ತೆರೆದಿದ್ದ ಪುಟವನ್ನೇ ತೆಗೆದ. ಈ ಸಲ ತಾರೀಖಿನಿಂದ ಶುರು ಮಾಡಿದ.

"ಜುಲೈ ಹದಿಮೂರು," ಎಂದ. "ಕೆಳಗೆ ನನ್ನ ಸಹಿ ಐತೆ."